ಮೂವತ್ತೊಂದು ಹೆಬ್ಬೆಟ್ಟು

ಚಳಿ ಹಿಂದೆ ಸರಿದು ಬಿಸಿಲು ಇನ್ನೂ ಬಲಿಯದ ಕಾಲ. ಫೆಬ್ರವರಿ ಹನ್ನೊಂದು, ಮಂಗಳವಾರ. ಬೆಳಗಿನ ಒಂಬತ್ತು ಗಂಟೆ ಹತ್ತು ನಿಮಿಷ. ಹೆಡ್ ಕಾನ್‌ಸ್ಟೇಬಲ್ ಚಹಾದ ಲೋಟ ಹಿಡಿದು ಠಾಣೆಯ ಬಾಗಿಲಲ್ಲಿ ನಿಂತಿದ್ದಾಗ ಬಿಳಿ ಕಾರೊಂದು ಬಂದು ಅಂಗಳದಲ್ಲಿ ನಿಂತಿತು.

ಈ ಹೆಡ್ ಕಾನ್‌ಸ್ಟೇಬಲ್‌ನನ್ನು ಠಾಣೆಯಲ್ಲಿ ಎಲ್ಲರೂ ಹೆಬ್ಬೆಟ್ಟಪ್ಪ ಎಂದೇ ಕರೆಯುತ್ತಿದ್ದರು. ಓದಿದ್ದು ಏಳನೆಯ ತರಗತಿ. ಆದರೆ ಬೆರಳಚ್ಚು ಓದುವುದರಲ್ಲಿ ಮೂವತ್ತನಾಲ್ಕು ವರ್ಷ ಕಳೆದಿದ್ದ. ಪುಸ್ತಕದ ಸಾಲಿಗಿಂತ ಬೆರಳಿನ ಗೆರೆ ಅವನಿಗೆ ಬೇಗ ಹತ್ತುತ್ತಿತ್ತು. ನಿವೃತ್ತಿಗೆ ಇನ್ನು ಹದಿನೇಳು ದಿನ. ಸಕ್ಕರೆ ಕಾಯಿಲೆಯಿಂದ ಅವನ ಬೆರಳ ತುದಿಗಳು ಮರಗಟ್ಟಿ ಎರಡು ವರ್ಷವಾಗಿತ್ತು. ಕೈಯಲ್ಲಿದ್ದ ಲೋಟ ಬಿಸಿಯೋ ತಣ್ಣಗೋ ಅವನಿಗೆ ಗೊತ್ತಾಗುತ್ತಿರಲಿಲ್ಲ. ಮಗಳು ಬೇರೆ ಊರಲ್ಲಿ. ಹೆಂಡತಿ ತೀರಿಕೊಂಡು ಎಂಟು ತಿಂಗಳು. ಆಮೇಲೆ ಒಳಗೂ ಹಾಗೇ ಆಗಿತ್ತು. ಅಳು ಬಂದಿರಲಿಲ್ಲ, ಬೇಸರವೂ ಬಂದಿರಲಿಲ್ಲ. ಹೊತ್ತಿಗೆ ಸರಿಯಾಗಿ ಠಾಣೆಗೆ ಬರುತ್ತಿದ್ದ, ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದ.

ಕಾರಿನಿಂದ ಇಳಿದವನು ಊರಾಚೆಯ ಸಸ್ಯ ಸಂಶೋಧನಾ ಸಂಸ್ಥೆಯ ನಿರ್ದೇಶಕ. ಇನ್‌ಸ್ಪೆಕ್ಟರ್ ಎದುರು ಕೂತು ಟೈಪು ಮಾಡಿದ ದೂರನ್ನು ಮುಂದಿಟ್ಟ. ಇನ್‌ಸ್ಪೆಕ್ಟರ್ ನಲವತ್ತರ ಹೆಂಗಸು, ಮಾತು ಕಡಿಮೆ. ಓದಿ ಮುಗಿಸಿ ತಲೆ ಎತ್ತಿದಳು.

"ಏನೇನು ಕಳೆದಿದೆ, ನಿಮ್ಮ ಬಾಯಲ್ಲೇ ಹೇಳಿ."

"ಹನ್ನೊಂದು ಪೊಟ್ಟಣ ಬೀಜ. ಗಾಯದ ಬಳ್ಳಿ ಅಂತ, ಬೆಟ್ಟದ ಮೇಲೆ ಮಾತ್ರ ಬೆಳೆಯೋದು. ಜೊತೆಗೆ ಒಂದು ಒಪ್ಪಿಗೆ ಪತ್ರ. ಅಸಲು."

"ಯಾರ ಒಪ್ಪಿಗೆ?"

"ಬೆಟ್ಟದವರದ್ದು. ಇಪ್ಪತ್ತಾರು ವರ್ಷದ ಹಿಂದೆ ಅಲ್ಲಿನ ಮೂವತ್ತೊಂದು ಮನೆಯವರು ಹೆಬ್ಬೆಟ್ಟು ಒತ್ತಿ ಕೊಟ್ಟದ್ದು. ನಮ್ಮ ಬಳ್ಳಿ ನೀವು ತಗೊಳ್ಳಿ, ಅದರ ಔಷಧ ಗುಣ ಯಾರಿಗೆ ಬೇಕಾದ್ರೂ ಕೊಡಿ ಅಂತ."

ಪತ್ರ ಯಾಕೆ ಬೇಕು ಎಂಬುದನ್ನು ಅವನೇ ಬಿಡಿಸಿ ಹೇಳಿದ. ಆ ಬಳ್ಳಿಯ ರಸದಿಂದ ಗಾಯ ಕೂಡಿಸುವ ಮುಲಾಮನ್ನು ಹೊರದೇಶದ ಕಂಪನಿಯೊಂದು ಮಾಡಿತ್ತು. ಪೇಟೆಂಟಿಗೆ ಅರ್ಜಿ ಹಾಕಿತ್ತು. ಆದರೆ ದೇಶ ದೇಶಗಳು ಸೇರಿ ಮಾಡಿಕೊಂಡ ಜೀವವೈವಿಧ್ಯ ಒಪ್ಪಂದದ ಪ್ರಕಾರ, ಕಾಡಿನವರಿಗೆ ತಿಳಿದ ಗಿಡವನ್ನು ಯಾರೇ ಬಳಸಲಿ, ಮೊದಲು ಅವರಿಗೆ ಎಲ್ಲ ತಿಳಿಸಿ ಹೇಳಬೇಕು. ಬಲವಂತವಿಲ್ಲದೆ ಅವರ ಒಪ್ಪಿಗೆ ಪಡೆಯಬೇಕು. ಈಗ ಬೆಟ್ಟದವರು ನಾವು ಹೆಬ್ಬೆಟ್ಟು ಒತ್ತಿಯೇ ಇಲ್ಲ ಎಂದು ತಕರಾರು ತೆಗೆದಿದ್ದರು. ಇಪ್ಪತ್ತನೇ ತಾರೀಕು ರಾಜಧಾನಿಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ವಿಚಾರಣೆ. ಪತ್ರ ಊರ್ಜಿತವಾದರೆ ಬಳ್ಳಿ ಬೆಳೆಯುವ ಇಳಿಜಾರಿಗೆಲ್ಲ ಬೇಲಿ. ಒಳಗೆ ಹೋಗಿ ಎಲೆ ಕೀಳುವ ಹಕ್ಕು ಬೆಟ್ಟದವರಿಗೂ ಇರುವುದಿಲ್ಲ.

"ಹಾಗಾದ್ರೆ ಪತ್ರ ಹೋಗಿದ್ದು ನಿಮಗೆ ದೊಡ್ಡ ಪೆಟ್ಟು," ಎಂದಳು ಇನ್‌ಸ್ಪೆಕ್ಟರ್.

"ಹೌದು. ಎಫ್‌ಐಆರ್ ಪ್ರತಿ ಇವತ್ತೇ ಸಿಗುತ್ತಾ?"

ಗೋಡೆಗೆ ಒರಗಿ ನಿಂತಿದ್ದ ಹೆಬ್ಬೆಟ್ಟಪ್ಪ ಆ ಮಾತನ್ನು ಕಿವಿಯಲ್ಲಿ ಇಟ್ಟುಕೊಂಡ. ಕಳ್ಳತನವಾದವರು ಕಳ್ಳ ಸಿಗುತ್ತಾನಾ ಎಂದು ಕೇಳುತ್ತಾರೆ. ಮೊದಲ ಮಾತಿಗೇ ಎಫ್‌ಐಆರ್ ಪ್ರತಿ ಕೇಳಿದವರನ್ನು ಅವನು ತನ್ನ ಸರ್ವಿಸಿನಲ್ಲಿ ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು.

ಅಪರಾಧ ಸಂಖ್ಯೆ ಮೂವತ್ತೇಳು ಎಂದು ಹತ್ತು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು.

ಹನ್ನೊಂದು ಇಪ್ಪತ್ತಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಪಂಚರು ಇಬ್ಬರು: ಸಂಸ್ಥೆಯ ಗೇಟಿನೆದುರು ಸೈಕಲ್ ರಿಪೇರಿ ಮಾಡುವವನು ಮತ್ತು ಕ್ಯಾಂಟೀನಿನ ಅಡುಗೆಯವನು. ಪತ್ರವಿದ್ದದ್ದು ದಾಖಲೆ ಕೋಣೆಯ ಉಕ್ಕಿನ ಬೀರುವಿನಲ್ಲಿ. ಬೀಗ ಒಡೆದಿರಲಿಲ್ಲ. ಬೀಗದ ಕೈ ಕಚೇರಿಯ ಗೋಡೆಯ ಮೊಳೆಗೆ ಎಂದಿನಂತೆ ತೂಗುತ್ತಿತ್ತು. ಹೆಬ್ಬೆಟ್ಟಪ್ಪ ಬೀರುವಿನ ಹಿಡಿಗೆ ಪುಡಿ ಹಾಕಿ ನೋಡಿದ. ಒಂದು ಗೆರೆಯೂ ಏಳಲಿಲ್ಲ. ಹತ್ತಿಬಟ್ಟೆ ಸವರಿದ ಮಂಕು ಗುರುತು ಮಾತ್ರ.

ಬೀಜವಿದ್ದದ್ದು ಹಿಂದಿನ ಕಟ್ಟಡದ ಶೀತಕೋಣೆಯಲ್ಲಿ. ಅಲ್ಲಿನ ಉಸ್ತುವಾರಿ ಒಬ್ಬ ಹೆಂಗಸಿನದು. ಐವತ್ತೆರಡು ವಯಸ್ಸು, ಬಿಳಿ ಕೋಟು, ಕೈಗೆ ಹತ್ತಿಯ ಗವಸು. ಸಂಸ್ಥೆಯ ಸಣ್ಣವರು ದೊಡ್ಡವರೆಲ್ಲ ಅವಳನ್ನು ಬೀಜದಕ್ಕ ಎನ್ನುತ್ತಿದ್ದರು. ಬೆಟ್ಟದಲ್ಲಿ ಹುಟ್ಟಿದವಳು. ಎಂಟನೇ ವಯಸ್ಸಿಗೆ ಕೆಳಗಿನ ವಸತಿ ಶಾಲೆಗೆ ಬಂದು, ಆಮೇಲೆ ಇಲ್ಲೇ ಕೆಲಸಕ್ಕೆ ಸೇರಿ, ಇಲ್ಲೇ ಉಳಿದಿದ್ದಳು.

"ಬಾಗಿಲು ತುಂಬ ಹೊತ್ತು ತೆಗೆದಿಡಬೇಡಿ ಸಾರ್," ಎಂದಳು. "ಬಿಸಿ ಒಳಗೆ ಬಂದ್ರೆ ಇವಕ್ಕೆ ಆಗಲ್ಲ."

ಒಳಗೆ ಕಬ್ಬಿಣದ ಕಪಾಟುಗಳ ತುಂಬ ತಗಡಿನ ಡಬ್ಬಿಗಳು, ಒಂದರಿಂದ ಆರುನೂರರವರೆಗೆ ಸಂಖ್ಯೆ ಬರೆದವು. ಗಾಯದ ಬಳ್ಳಿಯದು ಇನ್ನೂರ ಹದಿನಾಲ್ಕನೆಯದು. ಮುಚ್ಚಳ ಬಿಗಿಯಾಗಿತ್ತು. ತೆಗೆದರೆ ಡಬ್ಬಿ ಖಾಲಿ, ತಳದಲ್ಲಿ ಒಂದು ಸಣ್ಣ ಚೀಲ. ಚೀಲದೊಳಗೆ ಗಾಢ ನೀಲಿ ಬಣ್ಣದ ಹರಳು.

"ಇದೇನು?"

"ತೇವ ಹೀರೋ ಹರಳು. ಹೊಸದು ಹಾಕಿದಾಗ ನೀಲಿ ಇರುತ್ತೆ. ತೇವ ಕುಡಿದ ಹಾಗೆಲ್ಲ ಗುಲಾಬಿ ಆಗುತ್ತೆ."

"ಎಷ್ಟು ದಿನಕ್ಕೊಮ್ಮೆ ಬದಲಾಯಿಸ್ತೀರಿ?"

"ತಿಂಗಳ ಮೊದಲನೇ ಸೋಮವಾರ."

"ಅಂದ್ರೆ ಮೂರನೇ ತಾರೀಕು. ಎಂಟು ದಿನ ಆಯ್ತು."

"ಹೌದು ಸಾರ್."

ಹೆಬ್ಬೆಟ್ಟಪ್ಪ ಅಕ್ಕಪಕ್ಕದ ನಾಲ್ಕು ಡಬ್ಬಿ ತೆಗೆಸಿದ. ನಾಲ್ಕರಲ್ಲೂ ಹರಳಿನ ಅಂಚು ಗುಲಾಬಿಗೆ ತಿರುಗಿತ್ತು. ಖಾಲಿ ಡಬ್ಬಿಯದು ಮಾತ್ರ ನವಿಲುಗರಿಯ ಕಣ್ಣಿನಷ್ಟು ನೀಲಿ. ಪಂಚನಾಮೆಯಲ್ಲಿ ಅದನ್ನೂ ಬರೆಸಿದ. ಬರೆಯುತ್ತಿದ್ದ ಕಾನ್‌ಸ್ಟೇಬಲ್ ಇದೆಲ್ಲ ಯಾಕೆ ಎಂಬಂತೆ ಮುಖ ನೋಡಿದ. ಬೀಜದಕ್ಕ ಆ ಕಡೆ ನೋಡಲಿಲ್ಲ. ಮುಚ್ಚಳಗಳನ್ನು ಒಂದೊಂದಾಗಿ ಒತ್ತಿ ಮುಚ್ಚುತ್ತಿದ್ದಳು.

ಕಾವಲುಗಾರನ ಹೇಳಿಕೆ ಮಧ್ಯಾಹ್ನ ಎರಡಕ್ಕೆ.

"ಪತ್ರ ಕೊನೇ ಸಲ ಕಂಡದ್ದು ಶನಿವಾರ ಸಂಜೆ. ಇಲ್ಲ ಅಂತ ಗೊತ್ತಾದದ್ದು ಸೋಮವಾರ ಸಂಜೆ. ನಡುವೆ ಯಾರು ಬಂದ್ರು?"

"ಭಾನುವಾರ ಯಾರೂ ಬರಲಿಲ್ಲ ಸಾರ್."

"ಯಾರೂ?"

"ಯಾರೂ ಅಂದ್ರೆ ಯಾರೂ ಇಲ್ಲ. ಬೀಜದಕ್ಕ ಬಂದು ಹೋದ್ರು, ಅಷ್ಟೇ."

"ಅವರು ಬಂದದ್ದು ಪುಸ್ತಕದಲ್ಲಿ ಇಲ್ಲ."

"ಅವರನ್ನ ಯಾಕೆ ಬರೀಲಿ ಸಾರ್? ಪ್ರತಿ ಭಾನುವಾರ ಬರ್ತಾರೆ, ಥರ್ಮಾಮೀಟರ್ ನೋಡ್ತಾರೆ, ಹೋಗ್ತಾರೆ. ಗೋಡೆ ಗಡಿಯಾರ ಇದ್ದ ಹಾಗೆ. ಗಡಿಯಾರ ಬಂತು ಹೋಯ್ತು ಅಂತ ಬರ್ಕೊಳ್ತಾರಾ ಯಾರಾದ್ರೂ?"

ಬುಧವಾರ ಬೆಳಗ್ಗೆ ಇನ್‌ಸ್ಪೆಕ್ಟರ್ ಬಾಗಿಲು ಹಾಕಿಕೊಂಡು ಕೂತಳು. "ನನಗೆ ನಿರ್ದೇಶಕನ ಮೇಲೇ ಅನುಮಾನ," ಎಂದಳು. "ದೃಢೀಕರಿಸಿದ ನಕಲು ಅವನ ಹತ್ತಿರ ಇದೆ. ಅಸಲು ಕಳ್ಳತನ ಆಗಿದೆ ಅಂತ ಎಫ್‌ಐಆರ್ ತೋರಿಸಿದ್ರೆ ಪ್ರಾಧಿಕಾರ ನಕಲನ್ನೇ ಒಪ್ಪಿಕೊಳ್ಳುತ್ತೆ. ಅವನೇ ಯಾಕೆ ಅಡಗಿಸಿರಬಾರದು?"

ವಿಚಾರಿಸಿದರು. ನಿರ್ದೇಶಕ ಶನಿವಾರ ರಾತ್ರಿಯ ರೈಲಿಗೆ ತಂಗಿಯ ಊರಿಗೆ ಹೋಗಿ ಸೋಮವಾರ ಮಧ್ಯಾಹ್ನ ಬಂದಿದ್ದ. ಟಿಕೆಟ್ಟಿತ್ತು, ತಂಗಿಯ ಗಂಡನ ಮಾತಿತ್ತು. ಕಳವಿನಿಂದ ಅವನಿಗೆ ನಷ್ಟವಾಗಿರಲಿಲ್ಲ ಎಂಬುದು ನಿಜ. ಆದರೆ ಕದ್ದವನು ಅವನಲ್ಲ.

ನಕಲು ಪ್ರತಿ ಹೆಬ್ಬೆಟ್ಟಪ್ಪನ ಮೇಜಿಗೆ ಬಂತು. ನಕಲಿನ ನಕಲು ಅದು. ಹೆಬ್ಬೆಟ್ಟುಗಳೆಲ್ಲ ಗೆರೆ ಅಳಿಸಿಹೋದ ಕಪ್ಪು ಚುಕ್ಕೆಗಳು. ಅವನು ಭೂತಕನ್ನಡಿ ಇಡಲೂ ಹೋಗಲಿಲ್ಲ. ಕಾಗದವನ್ನು ತೋಳಿನಷ್ಟು ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಸುಮ್ಮನೆ ನೋಡಿದ. ಎಷ್ಟೋ ಹೊತ್ತು ಹಾಗೇ ಕೂತಿದ್ದ. ಜೀಪಿನ ಚಾಲಕ ಬಾಗಿಲಲ್ಲಿ ಇಣುಕಿದ.

"ಏನಣ್ಣ, ಹುಡುಗಿ ಫೋಟೋ ನೋಡಿದ ಹಾಗೆ ನೋಡ್ತಾ ಇದ್ದೀಯ?"

"ಎಣಿಸ್ತಾ ಇದ್ದೀನಿ."

"ಮೂವತ್ತೊಂದು ಅಂತ ಅವರೇ ಹೇಳಿದ್ರಲ್ಲ."

"ಅವರು ಎಣಿಸಿದ್ದಾರೆ. ನೋಡಿಲ್ಲ."

ಇನ್‌ಸ್ಪೆಕ್ಟರ್ ಮುಂದೆ ಕಾಗದ ಇಟ್ಟು ಪೆನ್ಸಿಲ್ಲಿನ ತುದಿಯಿಂದ ತೋರಿಸಿದ. "ಮೊದಲನೇದು ಅಗಲ. ಮುಂದಿನ ಮೂರು ಒಂದೇ ಸಮ. ಐದನೇದು ಕಿರಿದು. ಆರನೇದು ಮತ್ತೆ ಅಗಲ, ಆಮೇಲೆ ಮೂರು, ಹತ್ತನೇದು ಕಿರಿದು. ಹನ್ನೊಂದನೇದು ಅಗಲ. ಕೊನೇ ತನಕ ಹೀಗೇ ಇದೆ ಮೇಡಂ. ಇಷ್ಟು ಸಣ್ಣ ಹೆಬ್ಬೆಟ್ಟು ಇರಲ್ಲ. ಇದು ಕಿರುಬೆರಳು."

ಇನ್‌ಸ್ಪೆಕ್ಟರ್ ತನ್ನ ಕೈಯನ್ನೇ ಮೇಜಿನ ಮೇಲಿಟ್ಟು ಬೆರಳುಗಳನ್ನು ನೋಡಿದಳು. "ಒಬ್ಬರದ್ದೇ ಹತ್ತು ಬೆರಳಾ?"

"ಮೂರು ಸುತ್ತು. ಮೇಲೊಂದು."

"ಯಾರದ್ದು?"

"ಅದು ನಕಲಲ್ಲಿ ಇಲ್ಲ ಮೇಡಂ. ಗೆರೆ ಇಲ್ದೆ ನಾನು ಏನಂತ ಬರೆದುಕೊಡಲಿ? ವಕೀಲ ಎದ್ದು ನಿಂತು, ಚುಕ್ಕೆ ನೋಡಿ ಕಣಿ ಹೇಳ್ತೀಯಾ ಅಂತಾನೆ. ಅಸಲು ಬೇಕು."

ಕಾಗದದ ಕೆಳಗೆ ಒಂದು ಸಹಿ ಇತ್ತು: ಬೆಟ್ಟದವರ ಮಾತಿನಲ್ಲಿ ಓದಿ ಹೇಳಿ ಹೆಬ್ಬೆಟ್ಟು ಪಡೆದವರು. ಸಹಿ ಬೀಜದಕ್ಕನದು. ಆಗ ಅವಳಿಗೆ ಇಪ್ಪತ್ತಾರು.

ಇನ್‌ಸ್ಪೆಕ್ಟರ್ ಕಾಗದ ಮಡಚಿ ಎಂದಳು, "ನಾಳೆ ಬೆಟ್ಟಕ್ಕೆ ಹೋಗೋಣ. ಕೊಟ್ಟಿಲ್ಲ ಅನ್ನೋದನ್ನ ಅವರ ಬಾಯಲ್ಲೇ ಕೇಳ್ಬೇಕು. ಬೆರಳಚ್ಚಿನ ಸಾಮಾನು ತಗೊಳ್ಳಿ."

ಗುರುವಾರ ಹದಿಮೂರು. ಜೀಪು ನಿಂತ ಮೇಲೂ ಒಂದು ಗಂಟೆಯ ನಡಿಗೆ. ದಾರಿಯುದ್ದಕ್ಕೂ ಹೊಸದಾಗಿ ನೆಟ್ಟ ಸಿಮೆಂಟು ಕಂಬಗಳು. ತಂತಿ ಇನ್ನೂ ಎಳೆದಿರಲಿಲ್ಲ. ಹತ್ತೂವರೆಗೆ ಮನೆಗಳು ಸಿಕ್ಕವು. ಆ ಕಾಲದ ಹಿರಿಯರಲ್ಲಿ ಉಳಿದ ಹತ್ತೊಂಬತ್ತು ಜನ ಒಂದು ಚಪ್ಪರದ ಕೆಳಗೆ ಬಂದು ಕೂತರು. ಅವರಲ್ಲಿ ಎಲ್ಲರಿಗಿಂತ ಹಿರಿಯಳು ಬೀಜದಕ್ಕನ ದೊಡ್ಡಮ್ಮ, ತಾಯಿಯ ಅಕ್ಕ. ಎಂಬತ್ತು ದಾಟಿದವಳು. ಮೊಮ್ಮಗಳನ್ನು ನೋಡುವ ಹಾಗೆ ಇನ್‌ಸ್ಪೆಕ್ಟರನ್ನು ಮೇಲಿಂದ ಕೆಳಗೆ ನೋಡಿದಳು.

"ಇಪ್ಪತ್ತಾರು ವರ್ಷದ ಹಿಂದೆ ಹೆಬ್ಬೆಟ್ಟಿಗೆ ಅಂತ ಯಾರು ಬಂದಿದ್ರು ಅಜ್ಜಿ?"

"ನಮ್ಮ ಹುಡುಗಿ ಬಂದಿದ್ಲು. ಎರಡು ದಿನ ಕೂತಿದ್ಲು, ಪಾಪ."

"ನೀವು ಒತ್ತಿ ಕೊಟ್ರಾ?"

"ಇಲ್ಲ."

"ಕೊಡಲ್ಲ ಅಂದ್ರಾ?"

"ಅದನ್ನೂ ಅನ್ನಲಿಲ್ಲ. ಬಳ್ಳಿ ನಮ್ಮದೊಂದೇ ಅಲ್ಲ, ಆ ಕಡೆ ಇಳಿಜಾರಿನವರದ್ದೂ ಹೌದು. ಅವರನ್ನ ಕೇಳ್ಬೇಕು, ಈ ಮಳೆಗಾಲ ಕಳೀಲಿ, ಆಮೇಲೆ ಬಾ ಅಂದ್ವಿ. ಮಾತು ಹಣ್ಣಾಗ್ಬೇಕಲ್ಲ. ಹೋದವಳು ಮತ್ತೆ ಬರಲೇ ಇಲ್ಲ. ಯಾರ ಮದುವೆಗೂ ಬರಲಿಲ್ಲ, ಅವಳಮ್ಮ ಸತ್ತಾಗ್ಲೂ ಬರಲಿಲ್ಲ. ನಾವೇನು ತಪ್ಪು ಮಾಡಿದ್ವಿ ಅಂತ ಇವತ್ತಿಗೂ ಯೋಚನೆ ಮಾಡ್ತೀನಿ."

ಹೆಬ್ಬೆಟ್ಟಪ್ಪ ಶಾಯಿಯ ಹಲಗೆ ತೆಗೆದ. ಅಸಲು ಪತ್ರ ಸಿಕ್ಕರೆ ತಾಳೆ ನೋಡಲು ಅವರ ಹೆಬ್ಬೆಟ್ಟು ಬೇಕು ಎಂದ. ಚಪ್ಪರದ ಕೆಳಗೆ ಗುಸುಗುಸು ಎದ್ದಿತು. ದೊಡ್ಡಮ್ಮ ಕೈ ಎತ್ತಿದಳು.

"ಇದು ಎಲ್ಲಿಗೆ ಹೋಗುತ್ತೆ?"

"ಠಾಣೆಗೆ."

"ಅಲ್ಲಿಂದ?"

"ಬೆರಳಚ್ಚು ಕಚೇರಿಗೆ. ಅಲ್ಲಿಂದ ಮತ್ತೆ ಠಾಣೆಗೆ."

"ಆಮೇಲೆ ನಮಗೆ ವಾಪಸ್ ಕೊಡ್ತೀಯಾ?"

ಮೂವತ್ತನಾಲ್ಕು ವರ್ಷದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಹೆಬ್ಬೆಟ್ಟಪ್ಪ ಇನ್‌ಸ್ಪೆಕ್ಟರ್ ಕಡೆ ನೋಡಿದ. ಅವಳು ತಲೆಯಾಡಿಸಿದಳು.

"ಕೊಡ್ತೀನಿ," ಎಂದ.

"ಹಾಗಾದ್ರೆ ಆಚೆ ಹೋಗಿ ಕೂತ್ಕೊ. ಮಾತಾಡ್ಕೊಳ್ತೀವಿ."

ಆಚೆ ಮರದ ಕೆಳಗೆ ಎರಡು ಗಂಟೆ ಕೂತರು. ಯಾರೋ ಬಿಸಿ ಚಹಾ ಕೊಟ್ಟು ಹೋದರು. ಸಾಮಾನು ಹೊತ್ತು ಜೊತೆಗೆ ಬಂದಿದ್ದ ಚಾಲಕ ಗಡಿಯಾರ ನೋಡಿ ಗೊಣಗಿದ, "ಹತ್ತೊಂಬತ್ತು ಜನರ ಬೆರಳಿಗೆ ಎರಡು ಗಂಟೆ. ನನ್ನ ಮದುವೆ ಮಾತುಕತೆ ಇದಕ್ಕಿಂತ ಬೇಗ ಮುಗಿದಿತ್ತು ಮೇಡಂ."

"ಅದಕ್ಕೇ ನಿನ್ನ ಹೆಂಡತಿ ಇವತ್ತಿಗೂ ನಿನ್ನ ಬೈಯೋದು," ಎಂದಳು ಇನ್‌ಸ್ಪೆಕ್ಟರ್.

ಮಧ್ಯಾಹ್ನ ಒಂದು ದಾಟಿದ ಮೇಲೆ ಕರೆದರು. ಹತ್ತೊಂಬತ್ತು ಹಿರಿಯರು ಒಬ್ಬೊಬ್ಬರಾಗಿ ಬಂದು ಹೆಬ್ಬೆಟ್ಟು ಒತ್ತಿದರು. ಕೊನೆಯಲ್ಲಿ ಬಂದ ದೊಡ್ಡಮ್ಮ ಅವನ ಕೈಯನ್ನೇ ತಿರುಗಿಸಿ ನೋಡಿದಳು. ತೋರುಬೆರಳಲ್ಲಿ ನೀರು ತುಂಬಿದ ಬೊಬ್ಬೆ. ಚಹಾದ ಲೋಟ ಸುಟ್ಟದ್ದು. ಅವನಿಗೆ ಗೊತ್ತೇ ಆಗಿರಲಿಲ್ಲ.

"ನೋವಾಗಲ್ವಾ ನಿನಗೆ?"

"ಇಲ್ಲ ಅಜ್ಜಿ."

"ಅದೂ ಒಂದು ಕಾಯಿಲೇನೇ," ಎಂದು ಎದ್ದುಹೋಗಿ, ಎಲೆಯೊಂದನ್ನು ತಂದು ಅಂಗೈಯಲ್ಲಿ ಹಿಸುಕಿ ಬೊಬ್ಬೆಗೆ ಸುತ್ತಿ ನಾರಿನಿಂದ ಕಟ್ಟಿದಳು. ಆಮೇಲೆ ಇನ್‌ಸ್ಪೆಕ್ಟರ್ ಕಡೆ ತಿರುಗಿ ಕೇಳಿದಳು, "ಇದಕ್ಕೂ ಕಾಗದ ಬರೀಬೇಕಾ ತಾಯಿ?"

ಇನ್‌ಸ್ಪೆಕ್ಟರ್ ಹೆಬ್ಬೆಟ್ಟಿನ ಹತ್ತೊಂಬತ್ತು ಚೀಟಿಗಳನ್ನು ಎಣಿಸಿ ಚೀಲಕ್ಕೆ ಹಾಕಿದಳು.

ಶುಕ್ರವಾರ ಹದಿನಾಲ್ಕು, ಬೆಳಗಿನ ಹನ್ನೊಂದು ಗಂಟೆ. ಶೀತಕೋಣೆಯ ಹೊರಗಿನ ಸಣ್ಣ ಕೋಣೆಯಲ್ಲಿ ಬೀಜದಕ್ಕ ತೂಕದ ಯಂತ್ರದ ಮುಂದೆ ಕೂತು ಹರಳಿನ ಚೀಲ ಕಟ್ಟುತ್ತಿದ್ದಳು. ಇನ್‌ಸ್ಪೆಕ್ಟರ್ ಬಾಗಿಲ ಬಳಿ ನಿಂತಳು. ಹೆಬ್ಬೆಟ್ಟಪ್ಪ ಎದುರಿನ ಸ್ಟೂಲಿನ ಮೇಲೆ ಕೂತ.

"ಭಾನುವಾರ ಎಷ್ಟು ಹೊತ್ತಿಗೆ ಬಂದ್ರಿ?"

"ನಾಲ್ಕಕ್ಕೆ."

"ಎಷ್ಟು ಹೊತ್ತು ಇದ್ರಿ?"

"ಅರ್ಧ ಗಂಟೆ."

"ಥರ್ಮಾಮೀಟರ್ ನೋಡೋಕೆ ಅರ್ಧ ಗಂಟೆ?"

ಅವಳು ಇನ್ನೊಂದು ಚೀಲಕ್ಕೆ ಹರಳು ತೂಗಿ ಹಾಕಿದಳು.

"ಒಂದು ಡಬ್ಬಿ ಮುಚ್ಚಳ ತೆಗೆದ್ರೆ ನೀವು ಮೊದಲು ಏನು ಮಾಡ್ತೀರಿ?"

"ಹಳೇ ಚೀಲ ತೆಗೆದು ಹೊಸದು ಹಾಕ್ತೀನಿ. ಗಾಳಿ ಆಡಿರುತ್ತಲ್ಲ."

"ಯಾವಾಗ್ಲೂ?"

"ಯಾವಾಗ್ಲೂ. ಇಲ್ದಿದ್ರೆ ಬೀಜ ಕೆಡುತ್ತೆ."

"ಇನ್ನೂರ ಹದಿನಾಲ್ಕರಲ್ಲಿ ಬೀಜವೇ ಇರಲಿಲ್ಲ. ಕದ್ದವರು ಹೊಸ ಚೀಲ ಯಾಕೆ ಹಾಕಿದ್ರು ಅಕ್ಕ?"

ಅವಳ ಕೈ ನಿಂತಿತು. ಅರ್ಧ ಕಟ್ಟಿದ ಚೀಲದಿಂದ ನಾಲ್ಕಾರು ನೀಲಿ ಹರಳು ಮೇಜಿನ ಮೇಲೆ ಉರುಳಿದವು. ಅವನ್ನು ಒಂದೊಂದಾಗಿ ಹೆಕ್ಕಿ ಮತ್ತೆ ಚೀಲಕ್ಕೆ ಹಾಕಿದಳು.

"ಕೈಗೆ ಗೊತ್ತಾಗಲಿಲ್ಲ," ಎಂದಳು.

"ಗವಸು ತೆಗೀರಿ."

ತೆಗೆದಳು. ಎಡಗೈಯ ಉಂಗುರ ಬೆರಳಿಗೆ ಅಡ್ಡವಾಗಿ ಹಳೆಯ ಕತ್ತಿಯ ಗಾಯದ ಕಲೆ. ಹೆಬ್ಬೆಟ್ಟಪ್ಪ ಅದನ್ನು ನೋಡಿ, ಬೇರೆ ಕಡೆ ನೋಡಿದ.

"ಆ ಪತ್ರ ಸುಟ್ಟುಬಿಟ್ರಾ?"

"ಪತ್ರ ಇಲ್ದಿದ್ರೆ ಒಪ್ಪಿಗೆ ಇಲ್ಲ ಅಲ್ವಾ ಸಾರ್?" ಎಂದು ಅವಳು ತಿರುಗಿ ಕೇಳಿದಳು. ಮೊದಲ ಸಲ ತಲೆ ಎತ್ತಿದ್ದಳು. "ಅಸಲೇ ಇಲ್ದಿದ್ರೆ ಏನು ತೋರಿಸ್ತಾರೆ? ಬೀಜವೂ ಇಲ್ಲ, ಕಾಗದವೂ ಇಲ್ಲ. ಕಂಬ ಕೀಳಲೇಬೇಕು."

"ನಕಲು ತೋರಿಸ್ತಾರೆ."

"ನಕಲು ಹೇಗೆ ಆಗುತ್ತೆ?"

"ಅಸಲು ಕಳ್ಳತನ ಆಗಿದೆ ಅಂತ ನಾವೇ ಎಫ್‌ಐಆರ್ ಕೊಟ್ಟಿದ್ದೀವಿ. ನಿಮ್ಮ ಸಾಹೇಬ್ರು ಮಂಗಳವಾರವೇ ಪ್ರತಿ ಇಸ್ಕೊಂಡು ಹೋದ್ರು. ಇನ್ನು ನಕಲೇ ಅಸಲು."

ಹೆಬ್ಬೆಟ್ಟಪ್ಪ ಮೆಲ್ಲಗೆ ಮುಂದುವರಿಸಿದ.

"ನಕಲಲ್ಲಿ ಗೆರೆ ಕಾಣಲ್ಲ ಅಕ್ಕ. ಮೂವತ್ತೊಂದು ಕಪ್ಪು ಚುಕ್ಕೆ. ಬೆಟ್ಟದವರದ್ದು ಅಂದ್ರೆ ಬೆಟ್ಟದವರದ್ದು. ಅಲ್ಲ ಅಂತ ಯಾರೂ ಹೇಳೋಕಾಗಲ್ಲ, ನಾನೂ ಹೇಳೋಕಾಗಲ್ಲ. ಅದು ಸುಳ್ಳು ಅಂತ ಹೇಳೋಕೆ ಇದ್ದ ಒಂದೇ ಸಾಕ್ಷಿ ಆ ಅಸಲು. ಅದನ್ನೇ ನೀವು ತೆಗೆದಿದ್ದೀರಿ."

ಹೊರಗೆ ಶೀತಯಂತ್ರ ಗುಂಯ್‌ಗುಡುತ್ತಿತ್ತು.

"ಅಸಲು ಸಿಕ್ಕಿದ್ರೆ?"

"ಸಿಕ್ಕಿದ್ರೆ ತಾಳೆ ನೋಡ್ತೀವಿ. ಹೆಬ್ಬೆಟ್ಟು ಬೆಟ್ಟದವರದ್ದಲ್ಲ ಅಂತ ವರದಿ ಹೋಗುತ್ತೆ. ಯಾರದ್ದು ಅಂತಲೂ ಹೋಗುತ್ತೆ."

"ನನ್ನನ್ನ ಹಿಡೀತೀರಿ."

"ಹೇಗಿದ್ರೂ ಹಿಡೀತೀವಿ. ಕದ್ದದ್ದಕ್ಕೆ ಇವತ್ತೇ. ಅಸಲು ಕೊಟ್ರೆ ಕೇಸು ಎರಡಾಗುತ್ತೆ."

ಇನ್‌ಸ್ಪೆಕ್ಟರ್ ಬಾಗಿಲಿನಿಂದ ಕೆಮ್ಮಿದಳು. ಅವನು ಹೇಳಬೇಕಾದ್ದಕ್ಕಿಂತ ಹೆಚ್ಚು ಹೇಳಿದ್ದ. ಆದರೆ ಅವಳು ತಡೆಯಲಿಲ್ಲ.

ಬೀಜದಕ್ಕ ಚೀಲದ ಬಾಯಿ ಕಟ್ಟಿ ಮುಗಿಸಿದಳು. ಅದನ್ನು ಉಳಿದ ಚೀಲಗಳ ಜೊತೆ ಡಬ್ಬಿಯಲ್ಲಿಟ್ಟು ಮುಚ್ಚಿದಳು. ಎದ್ದು ಗವಸು ಹಾಕಿಕೊಂಡು ಶೀತಕೋಣೆಯ ಬಾಗಿಲು ತೆಗೆದಳು.

"ಬನ್ನಿ. ಬೇಗ ಬನ್ನಿ, ಬಿಸಿ ಒಳಗೆ ಹೋಗುತ್ತೆ."

ಐನೂರ ಎಂಬತ್ತೆಂಟನೆಯ ಡಬ್ಬಿ. ಪಟ್ಟಿಯಲ್ಲಿ ಖಾಲಿ ಎಂದು ನಮೂದಾಗಿದ್ದದ್ದು. ಒಳಗೆ ಹನ್ನೊಂದು ಪೊಟ್ಟಣ, ಪ್ಲಾಸ್ಟಿಕ್ ಹಾಳೆಯಲ್ಲಿ ಮಡಚಿಟ್ಟ ಪತ್ರ, ಮೇಲೊಂದು ನೀಲಿ ಚೀಲ. ಕದ್ದ ಮಾಲು ಸಂಸ್ಥೆಯನ್ನು ಬಿಟ್ಟು ಹೋಗಿಯೇ ಇರಲಿಲ್ಲ.

"ಹೊರಗೆ ಯಾಕೆ ಒಯ್ಯಲಿಲ್ಲ?" ಎಂದಳು ಇನ್‌ಸ್ಪೆಕ್ಟರ್.

"ಹೊರಗೆ ಸತ್ತುಹೋಗ್ತವೆ ಮೇಡಂ."

"ಕಾಗದ? ಅದೇನು ಸಾಯಲ್ವಲ್ಲ. ಹರಿದು ಹಾಕಬಹುದಿತ್ತು."

ಬೀಜದಕ್ಕ ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚಿದಳು. ಇಪ್ಪತ್ತಾರು ವರ್ಷ ಒಂದು ಕಾಳನ್ನೂ ಎಸೆಯದ ಕೈ ಅದು.

ಪಂಚರು ಬಂದರು. ಹನ್ನೆರಡು ಹತ್ತಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. ಹನ್ನೆರಡೂವರೆಗೆ ಬಂಧನ. ಬಿಳಿ ಕೋಟನ್ನು ಕಳಚಿ ಮೊಳೆಗೆ ನೇತುಹಾಕಿ, ಶೀತಯಂತ್ರದ ಮುಳ್ಳು ನೋಡಿ, ಪುಸ್ತಕದಲ್ಲಿ ಬರೆದು ಹೊರಟಳು. ಕಾವಲುಗಾರ ಗೇಟಿನಲ್ಲಿ ಎದ್ದು ನಿಂತ. ಅವಳು ಆ ಗೇಟು ದಾಟಿದ್ದನ್ನು ಮೊದಲ ಬಾರಿಗೆ ಪುಸ್ತಕದಲ್ಲಿ ಬರೆದುಕೊಂಡ.

ಠಾಣೆಯಲ್ಲಿ ಅವಳ ಹತ್ತು ಬೆರಳಿನ ಅಚ್ಚು ತೆಗೆದದ್ದು ಹೆಬ್ಬೆಟ್ಟಪ್ಪನೇ. ಒಂದೊಂದೇ ಬೆರಳು ಹಿಡಿದು ಶಾಯಿಯಲ್ಲಿ ಉರುಳಿಸಿ ಕಾಗದಕ್ಕೆ ಒತ್ತಿದ. ಅವನ ಬೆರಳಿಗೆ ಅವಳ ಬೆರಳು ತಾಗಿದ್ದು ತಿಳಿಯಲಿಲ್ಲ. ಅಸಲಿನಲ್ಲಿ ನಾಲ್ಕನೆಯ ಹೆಬ್ಬೆಟ್ಟಿಗೆ ಅಡ್ಡಲಾಗಿ ಒಂದು ಬಿಳಿ ಗೆರೆ. ಹದಿನಾಲ್ಕನೆಯದಕ್ಕೂ. ಇಪ್ಪತ್ತನಾಲ್ಕನೆಯದಕ್ಕೂ. ಇಪ್ಪತ್ತಾರು ವರ್ಷದಲ್ಲಿ ಶಾಯಿ ಸ್ವಲ್ಪ ಮಾಸಿತ್ತು. ಗೆರೆಗಳು ಮಾಸಿರಲಿಲ್ಲ.

ಸಂಜೆ ನಾಲ್ಕಕ್ಕೆ ಹೇಳಿಕೆ ಬರೆಸಿದಳು.

"ಕೆಲಸ ಕಾಯಂ ಆಗಿರಲಿಲ್ಲ. ನೀನು ಅವರವಳು, ನೀನು ಹೋದ್ರೆ ಕೊಡ್ತಾರೆ ಅಂತ ಕಳಿಸಿದ್ರು. ಎರಡು ದಿನ ಕೂತೆ. ಮಳೆಗಾಲ ಕಳೀಲಿ ಅಂದ್ರು. ಶನಿವಾರ ಕೆಳಗೆ ಜೀಪು ಬಂದು ಕಾಯ್ತಾ ಇತ್ತು. ಬರಿಗೈಲಿ ಇಳಿಯೋಕೆ ನಾಚಿಕೆ ಆಯ್ತು. ಹೊಳೆ ಹತ್ತಿರ ಬಂಡೆ ಮೇಲೆ ಕೂತು ಎಲ್ಲ ನಾನೇ ಒತ್ತಿದೆ. ಹೆಬ್ಬೆಟ್ಟು ಒಂದೇ ಒತ್ತಿದ್ರೆ ಗೊತ್ತಾಗುತ್ತೆ ಅಂತ ಹತ್ತೂ ಬೆರಳು ಒತ್ತಿದೆ. ಹೊಳೇಲಿ ಕೈ ತೊಳ್ಕೊಂಡೆ. ಮಳೆಗಾಲ ಕಳೆದ ಮೇಲೆ ಹೋಗಿ ನಿಜವಾದ್ದು ತಂದು ಬದಲಾಯಿಸೋಣ ಅಂದ್ಕೊಂಡಿದ್ದೆ. ಆ ಕಾಗದ ಬರೀ ಬೀಜ ಇಡೋಕೆ ಅಂತ ಅಂದ್ಕೊಂಡಿದ್ದೆ. ಆಗಿನ ಸಾಹೇಬ್ರು ಎಣಿಸಿ, ಸರಿ ಇದೆ ಅಂದ್ರು."

"ಯಾಕೆ ಹೋಗಿ ಬದಲಾಯಿಸಲಿಲ್ಲ?"

"ಹೋದ್ರೆ ದೊಡ್ಡಮ್ಮ ಕೇಳ್ತಾರೆ, ಮಾತು ಹಣ್ಣಾಗಿದೆ, ಕಾಗದ ಎಲ್ಲಿ ಅಂತ. ಏನಂತ ಹೇಳಲಿ? ಆ ವರ್ಷ ಹೋಗಲಿಲ್ಲ. ಆಮೇಲೆ ಹೋಗೋಕೆ ಮುಖ ಇರಲಿಲ್ಲ."

"ದೊಡ್ಡಮ್ಮ ಇವತ್ತಿಗೂ ಯೋಚನೆ ಮಾಡ್ತಾರೆ," ಎಂದ ಹೆಬ್ಬೆಟ್ಟಪ್ಪ. "ನಾವೇನು ತಪ್ಪು ಮಾಡಿದ್ವಿ ಅಂತ."

ಅವಳು ಕೈಯ ಶಾಯಿಯನ್ನೇ ನೋಡುತ್ತ ಕೂತಳು. ಅಳಲಿಲ್ಲ. ಆಮೇಲೆ ಕೇಳಿದಳು, "ಮಾರ್ಚ್ ಮೂರಕ್ಕೆ ಮೊದಲನೇ ಸೋಮವಾರ. ಹರಳು ಬದಲಾಯಿಸೋಕೆ ಯಾರಿಗಾದ್ರೂ ಹೇಳ್ತೀರಾ?"

ಬೆರಳಚ್ಚು ಕಚೇರಿಯ ವರದಿ ಹದಿನೆಂಟರಂದು ಬಂತು. ಮೂವತ್ತೊಂದೂ ಒಬ್ಬಳವೇ, ಬೆಟ್ಟದ ಹತ್ತೊಂಬತ್ತು ಹಿರಿಯರಲ್ಲಿ ಯಾರದೂ ಅಲ್ಲ. ಇಪ್ಪತ್ತನೇ ತಾರೀಕಿನ ವಿಚಾರಣೆ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಒಪ್ಪಿಗೆ ಪತ್ರವನ್ನು ತಳ್ಳಿಹಾಕಿ, ಬೇಲಿ ಹಾಕುವುದನ್ನು ತಡೆದು, ಬಳ್ಳಿ ಬೇಕಾದವರು ಬೆಟ್ಟದವರನ್ನು ಹೊಸದಾಗಿ ಕೇಳಬೇಕು, ಅವರು ಎಷ್ಟು ಕಾಲ ತೆಗೆದುಕೊಂಡರೂ ಕಾಯಬೇಕು ಎಂದು ಪ್ರಾಧಿಕಾರ ಆದೇಶಿಸಿತು. ಸುದ್ದಿ ಹೇಳಲು ನಿರ್ದೇಶಕ ಠಾಣೆಗೆ ಬರಲಿಲ್ಲ. ಹೆಬ್ಬೆಟ್ಟಪ್ಪನೇ ಅವನಿಗೆ ಫೋನು ಮಾಡಿ ಹರಳಿನ ವಿಷಯ ಹೇಳಿದ. ನೋಡೋಣ ಎಂದ ನಿರ್ದೇಶಕ. ನೋಡೋಣ ಅಲ್ಲ ಸಾರ್, ಬದಲಾಯಿಸಬೇಕು ಎಂದು ಇವನು ಇನ್ನೊಮ್ಮೆ ಹೇಳಿದ.

ನಿವೃತ್ತಿಯ ದಿನ, ಇಪ್ಪತ್ತೆಂಟು, ಶುಕ್ರವಾರ. ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು, ಮಧ್ಯಾಹ್ನ ಅವನು ಬೆಟ್ಟ ಹತ್ತಿದ. ಚೀಲದಲ್ಲಿ ಇನ್‌ಸ್ಪೆಕ್ಟರ್ ಸಹಿ ಮಾಡಿ ಬಿಟ್ಟುಕೊಟ್ಟ ಹತ್ತೊಂಬತ್ತು ಚೀಟಿಗಳು. ದೊಡ್ಡಮ್ಮ ಒಂದೊಂದನ್ನೂ ತಿರುಗಿಸಿ ನೋಡಿ ಎಣಿಸಿಕೊಂಡಳು.

"ಅವಳು ಯಾವಾಗ ಬರ್ತಾಳೆ?"

"ಗೊತ್ತಿಲ್ಲ ಅಜ್ಜಿ. ಕೋರ್ಟು ಹೇಳ್ಬೇಕು."

"ಮಳೆಗಾಲ ಕಳೀಬಹುದಾ?"

"ಕಳೀಬಹುದು. ಎರಡು ಮೂರು ಮಳೆಗಾಲ ಆಗಬಹುದು."

"ಬರ್ಲಿ ಬಿಡು. ನಾವು ಇಲ್ಲೇ ಇರ್ತೀವಿ," ಎಂದಳು ಮುದುಕಿ. ಅವನ ತೋರುಬೆರಳನ್ನು ಹಿಡಿದು ನೋಡಿದಳು. ಬೊಬ್ಬೆ ಆರಿ ಹೊಸ ಚರ್ಮ ಬಂದಿತ್ತು. ಉಗುರಿನಿಂದ ಅಲ್ಲಿ ಮೆಲ್ಲಗೆ ಒತ್ತಿದಳು. "ಈಗ?"

"ಸ್ವಲ್ಪ," ಎಂದ ಅವನು. ನಿಜವೋ, ಅವಳ ಸಮಾಧಾನಕ್ಕೆ ಅಂದದ್ದೋ, ಅವನಿಗೇ ಸರಿಯಾಗಿ ತಿಳಿಯಲಿಲ್ಲ.

ಬೀಜದಕ್ಕನನ್ನು 'ಸುಳ್ಳು ಹೆಬ್ಬೆಟ್ಟು ಮತ್ತು ಕಳವು' ಎಂಬ ಎರಡು ಕೇಸಿನ ಮೇಲೆ ದೊಡ್ಡ ಜೈಲಿಗೆ ಕರೆದೊಯ್ದದ್ದು ಫೆಬ್ರವರಿ ಹದಿನೇಳು, ಸೋಮವಾರ, ಮಧ್ಯಾಹ್ನದ ವ್ಯಾನಿನಲ್ಲಿ. ಹೆಬ್ಬೆಟ್ಟಪ್ಪ ಎರಡು ಚೀಲ ಹಿಡಿದುಕೊಂಡು ಮಗಳ ಊರಿಗೆ ಹೊರಟದ್ದು ಮಾರ್ಚ್ ನಾಲ್ಕು, ಮಂಗಳವಾರ. ಶನಿವಾರದ ಬಸ್ಸಿಗೇ ಟಿಕೆಟ್ಟಾಗಿತ್ತು. ಅದನ್ನು ಬದಲಾಯಿಸಿಕೊಂಡು, ಸೋಮವಾರ ಸಂಸ್ಥೆಗೆ ಹೋಗಿ, ಶೀತಕೋಣೆಯಲ್ಲಿ ಹೊಸಬಳೊಬ್ಬಳು ಆರುನೂರು ಡಬ್ಬಿಗೂ ನೀಲಿ ಚೀಲ ಹಾಕಿ ಮುಗಿಸುವವರೆಗೆ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತಿದ್ದ.